ಸಾಮಾನಿಗೆ ರೊಕ್ಕ, ಕೈಗೆ ಚೌಕಾಸಿ

ಹುಮನಾಬಾದಿನಲ್ಲಿರುವ ನನ್ನ ಸೋದರಳಿಯ ಹೋದ ತಿಂಗಳು ಮನೆಗೆ ಬಂದಿದ್ದ. ನನ್ನ ಹಳೆಯ ಓಮ್ನಿಯ ಹಿಂದಿನ ಎರಡೂ ಆಕ್ಸಲ್ ಶಾಫ್ಟುಗಳನ್ನು ಬಿಚ್ಚಿಸಿ ದುರಸ್ತಿ ಮಾಡಿಸಿದ ಸಂಗತಿ ಕೇಳಿ ನಕ್ಕು, "ಮಾಮಾ, ಅಷ್ಟ್ಯಾಕ ತ್ರಾಸ? ಇಡೀ ಆಕ್ಸಲ್ಲೇ ಬದಲಿ ಮಾಡ್ಸಿದ್ರ ಮುಗೀತಿತ್ತು" ಎಂದ. ನಗರದ ದೊಡ್ಡ ವರ್ಕ್‌ಶಾಪೊಂದರಲ್ಲಿ ನನಗೆ ಹೇಳಿದ್ದೂ ಇದನ್ನೇ. ಅದೂ ಗಾಡಿಯನ್ನು ಜಾಕಿಗೆ ಏರಿಸುವ ಮೊದಲೇ. ಈ ಪುಟವನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಬಹುಮಂದಿ ಅಳಿಯನ ಪಕ್ಷದವರೇ ಎಂದು ಬಲ್ಲೆ. ಆದುದರಿಂದ ಜಗಳವನ್ನು ಅವನೊಬ್ಬನೊಂದಿಗೆ ಮುಗಿಸದೆ ಇಲ್ಲಿಗೆ ತಂದಿದ್ದೇನೆ.

ಓಮ್ನಿಯ ಎಂಜಿನು ಮುಂದಿನ ಸೀಟಿನ ಕೆಳಗಿದ್ದರೂ ಗಾಡಿಯನ್ನು ತಳ್ಳುವವು ಹಿಂದಿನ ಗಾಲಿಗಳು. ನನ್ನ ಗಾಡಿಯ ಬಲಗಾಲಿಯ ಒಳಮೈಯಲ್ಲಿ ಎಣ್ಣೆ ಜಿನುಗುತ್ತಿತ್ತು, ಬ್ರೇಕು ಒಂದೇ ಕಡೆಗೆ ಎಳೆಯುತ್ತಿತ್ತು, ವೇಗ ಏರಿದಂತೆ ಗುಂಯ್ ಎಂಬ ಸದ್ದು. ಬಸವಕಲ್ಯಾಣದಿಂದ ಹೆದ್ದಾರಿಗೆ ಹೋಗಿ ಸಸ್ತಾಪುರ ಬಂಗ್ಲಾದ ಹತ್ತಿರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಒಯ್ದೆ. ಪುಣೆ–ಹೈದರಾಬಾದ್ ಹೆದ್ದಾರಿಯ (ನಮ್ಮ ನಾಲಗೆಗೆ ಅದಿನ್ನೂ ಒಂಬತ್ತನೆಯ ನಂಬರೇ, ಈಗ ಅರವತ್ತೈದು) ಲಾರಿಗಳನ್ನು ನಂಬಿ ಬೆಳೆದ ಆಟೋನಗರ ಅದು.

ಅವನು ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರ್ ಎಣ್ಣೆ ಇಳಿಸಿದ. ಡ್ರಮ್ಮು ಕಳಚಿ, ಬ್ರೇಕಿನ ಹಿಂತಗಡಿನ ನಟ್ಟುಗಳನ್ನು ಬಿಚ್ಚಿ, ಜಾರು ಸುತ್ತಿಗೆಯಿಂದ ಶಾಫ್ಟನ್ನು ಹೊರಗೆಳೆದ. ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಕಣ್ಣು ಮುಚ್ಚಿ ಆಲಿಸಿದ. ಒಳಗೆ ಮರಳು ತುಂಬಿದಂತಹ ಒರಟು. ಅದನ್ನು ತೆಗೆಯುವುದು ಸುಲಭವಲ್ಲ. ಹಿಡಿದಿಡುವ ಉಕ್ಕಿನ ಬಳೆಯನ್ನು ಗ್ರೈಂಡರಿನಿಂದ ತೆಳ್ಳಗೆ ಸವೆಸಿ, ಕೊನೆಗೆ ಉಳಿಯಿಂದ ಸೀಳಬೇಕು. ಗ್ರೈಂಡರು ಕೂದಲೆಳೆಯಷ್ಟು ಜಾರಿ ಶಾಫ್ಟಿಗೆ ತಗುಲಿದರೂ ಅಲ್ಲಿಂದಲೇ ಮುಂದೆ ಬಿರುಕು. ಸೀಳಿದ ಬಳೆಯನ್ನು ಮರಳಿ ಹಾಕುವಂತಿಲ್ಲ. ಶಾಫ್ಟನ್ನು ಲೇಥಿನ ಎರಡು ಮೊನೆಗಳ ನಡುವೆ ತಿರುಗಿಸಿ ಬಾಗಿದೆಯೇ ಎಂದು ಡಯಲಿನಲ್ಲಿ ನೋಡಿದ. ಹಲ್ಲುಗಳು ತಿರುಚಿಲ್ಲ, ಸೀಲು ಕೂರುವ ಜಾಗದಲ್ಲಿ ಗೀರಿಲ್ಲ. ಎಡಗಡೆಯದನ್ನೂ ಹೀಗೆಯೇ ಪರೀಕ್ಷಿಸಿದ. ಎರಡೂ ಶಾಫ್ಟುಗಳು ಗಟ್ಟಿ.

ಇಷ್ಟಕ್ಕೆ ಹೊಸ ಬೇರಿಂಗು, ಸೀಲು ಹಾಕಿ ಮುಗಿಸಬಹುದಿತ್ತು. ಅವನು ಮತ್ತೆ ಗಾಡಿಯ ಕೆಳಗೆ ಹೋಗಿ, ಆಕ್ಸಲ್ ಕೊಳವೆಯ ಮೇಲಿನ ಪುಟ್ಟ ಬ್ರೀದರನ್ನು ಬಿಚ್ಚಿ ತಂದು ನನ್ನ ಅಂಗೈಗೆ ಹಾಕಿದ. "ನೋಡ್ರಿ ಸರ್, ಎರಿಮಣ್ಣು ಕುಂತು ಬಾಯಿ ಮುಚ್ಯದ. ಬಿಸಿ ಆದ ಗಾಳಿ ಎಲ್ಲಿ ಹೋಗಬೇಕು? ಎಣ್ಣಿನ ಸೀಲಿನ ಕಡಿಗಿ ನೂಕ್ತದ." ಹೊಸ ಸೀಲು ಹಾಕಿ ಇದನ್ನು ಹಾಗೆಯೇ ಬಿಟ್ಟಿದ್ದರೆ ಮತ್ತೆ ಎಣ್ಣೆ ಜಿನುಗುತ್ತಿತ್ತು. ಕಾಯಿಲೆಯ ಬೇರು ಬೆರಳುದ್ದವೂ ಇಲ್ಲದ ತುಣುಕಿನಲ್ಲಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಊದಿದರೆ ಅದಕ್ಕೆ ಚಿಕಿತ್ಸೆ ಮುಗಿಯಿತು.

ಹಳೆಯದನ್ನು ಉಳಿಸುವ ಹಟ ಅಪಾಯಕಾರಿ ಎಂದು ಅಳಿಯ ವಾದಿಸುತ್ತಾನೆ. ಒಂದು ಅಂಶದಲ್ಲಿ ಅವನ ಮಾತು ಸರಿ. ದೊಡ್ಡ ಲಾರಿಯಲ್ಲಿ ಭಾರವನ್ನು ಹೊರುವುದು ಆಕ್ಸಲ್ಲಿನ ಹೊರಕೊಳವೆ. ಶಾಫ್ಟು ಬರೀ ತಿರುಗಿಸುತ್ತದೆ. ಅದು ಮುರಿದರೂ ಲಾರಿ ತನ್ನ ಗಾಲಿಗಳ ಮೇಲೆ ನಿಂತಿರುತ್ತದೆ, ರಸ್ತೆಬದಿಯಲ್ಲೇ ಶಾಫ್ಟನ್ನು ಎಳೆದು ತೆಗೆಯಬಹುದು. ಓಮ್ನಿಯಂತಹ ಸಣ್ಣ ಗಾಡಿಯಲ್ಲಿ ಚಕ್ರ ಕೂತಿರುವುದೇ ಶಾಫ್ಟಿನ ತುದಿಗೆ. ಅಲ್ಲಿ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ. ಆದ್ದರಿಂದ ಬಿರುಕುಬಿಟ್ಟ ಶಾಫ್ಟಿಗೆ ವೆಲ್ಡಿಂಗ್ ಮಾಡುವವನನ್ನು, ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮರಳಿ ಹಾಕುವವನನ್ನು ನಾನು ಸಮರ್ಥಿಸುವುದಿಲ್ಲ. ಅದು ಕೊಲೆಗಡುಕತನ. ಆದರೆ ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು ಎಂಬುದನ್ನು ಬಿಚ್ಚಿ ನೋಡದೆ ಹೇಳುವವನು ಅವನಿಗಿಂತ ಹೆಚ್ಚು ಪ್ರಾಮಾಣಿಕನೇನೂ ಅಲ್ಲ. ಒಬ್ಬ ಜೀವದೊಡನೆ ಆಟವಾಡುತ್ತಾನೆ, ಇನ್ನೊಬ್ಬ ಜೇಬಿನೊಡನೆ. ಇಬ್ಬರೂ ನೋಡಿರುವುದಿಲ್ಲ.

ನೋಡುವವನು ಏಕೆ ಅಪರೂಪವಾಗುತ್ತಿದ್ದಾನೆ? ಇದಕ್ಕೆ ಕಾರಣ ಕಂಪನಿಗಳೆಂದು ಬೈಯುವುದು ಸುಲಭ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆಯಿತು, ವಾಹನಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ದುರಸ್ತಿಯನ್ನು ಕೊಲ್ಲುತ್ತಿರುವವರು ನಾವು, ಬಿಲ್ಲು ಕೊಡುವವರು. ಬೇರಿಂಗು, ಸೀಲು, ಬಳೆ, ಬ್ರೇಕ್ ಶೂ, ಎಣ್ಣೆ ಇವುಗಳ ಬೆಲೆಯನ್ನು ನಾನು ಮರುಮಾತಿಲ್ಲದೆ ಕೊಟ್ಟೆ; ಡಬ್ಬಿಯ ಮೇಲೆ ಅಚ್ಚಾಗಿತ್ತಲ್ಲ! ಕೊನೆಯ ಸಾಲು, ಮಜೂರಿ 1,500 ರೂಪಾಯಿ. ಇಡೀ ದಿನದ ಕೆಲಸ. "1,200 ಮಾಡಪ್ಪ" ಎಂದೆ. ಅವನು ನಕ್ಕು ಒಪ್ಪಿದ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ನಾನು ಕಡಿತ ಮಾಡಿದ್ದು ಆ ಬ್ರೀದರನ್ನು ಕಂಡ ಕಣ್ಣಿನ ಬೆಲೆಯನ್ನು. ಬದಲಿ ಸಾಮಾನು ಮಾರಿದರೆ ಲಾಭ, ಬುದ್ಧಿ ಖರ್ಚು ಮಾಡಿದರೆ ಚೌಕಾಸಿ ಎಂದಾದರೆ ಯಾವ ಮಿಸ್ತ್ರಿ ಬುದ್ಧಿ ಖರ್ಚು ಮಾಡುತ್ತಾನೆ? ವೈದ್ಯರು ಪರೀಕ್ಷಿಸಿ ಔಷಧ ಬೇಡವೆಂದರೆ ಯಾರೂ ಫೀಸು ಮರಳಿ ಕೇಳುವುದಿಲ್ಲ. ಗ್ಯಾರೇಜಿನಲ್ಲಿ ಮಾತ್ರ, "ಏನೂ ಬದಲಿಸಲಿಲ್ಲವಲ್ಲ, ಯಾತರ ರೊಕ್ಕ?" ಎನ್ನುತ್ತೇವೆ.

ಇದು ಕಲ್ಯಾಣದ ನೆಲದಲ್ಲಿ ನಡೆಯುತ್ತದೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಿದೇವರ ಹೆಸರು ಹೇಳದೆ ಇಲ್ಲಿ ಯಾವ ಭಾಷಣವೂ ಮುಗಿಯುವುದಿಲ್ಲ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಕಾಯಕದ ಬಗ್ಗೆ ನಾನೂ ವರ್ಷವರ್ಷವೂ ಬಸವ ಜಯಂತಿಯಂದು ಮಾತನಾಡಿದ್ದೇನೆ. ಅದೇ ಬಾಯಿಯಿಂದ ತರಗತಿಯಲ್ಲಿ, "ಓದದಿದ್ದರೆ ಬಂಗ್ಲಾದ ಗ್ಯಾರೇಜಿನಲ್ಲಿ ಪಾನಾ ಹಿಡಿಯಬೇಕಾದೀತು" ಎಂದು ಹೆದರಿಸಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು ಆ ಮಾತನ್ನು ಕೇಳಿಸಿಕೊಂಡವರಲ್ಲಿ ಈ ಹುಡುಗನೂ ಒಬ್ಬ.

ಮರುವಾರ ಉಳಿದ 300 ರೂಪಾಯಿ ಕೊಡಲು ಹೋದೆ. ಅವನು ಒಂದು ಟೆಂಪೋದ ಕೆಳಗಿದ್ದ. ಹೊರಗೆ ಬಂದು, ಕೈಯೊರೆಸಿಕೊಂಡು, ನೋಟುಗಳನ್ನು ನೋಡಿ, "ಲೆಕ್ಕ ಮುಗ್ದದ ಸರ್" ಎಂದ. ಬಹಳ ಒತ್ತಾಯಿಸಿದ ಮೇಲೆ ತೆಗೆದುಕೊಂಡ. ಬಳಿಕ ಬಗ್ಗಿ, ನನ್ನ ಬಲಗಾಲಿಯ ಒಳಮೈಯನ್ನು ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದ. ಬೆರಳು ಒಣಗಿತ್ತು.