ವರ್ಷಕ್ಕೊಮ್ಮೆ ನಮ್ಮೆದುರು ಜಮಾಬಂದಿ ನಡೆಯಲಿ: ಲೋಕಸಭೆಯ ಅರ್ಜಿಗಳ ಸಮಿತಿಗೆ ಮನವಿ ಪತ್ರ

ಜಮಖಂಡಿ
ಡಿಸೆಂಬರ್ 2025

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಅರ್ಜಿಗಳ ಸಮಿತಿ, ಲೋಕಸಭೆ,
ಸಂಸತ್ ಭವನ, ಹೊಸದಿಲ್ಲಿ

ಮುಖಾಂತರ: ಮಾನ್ಯ ಉಪವಿಭಾಗಾಧಿಕಾರಿಗಳು, ಜಮಖಂಡಿ

ಇಂದ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ನಾಗರಿಕರು

ವಿಷಯ: ಕೇಂದ್ರ ಸರ್ಕಾರ ಮತ್ತು ಸಂಸದರು ನಮಗೆ ಕೊಟ್ಟ ಮಾತುಗಳ ಲೆಕ್ಕವನ್ನು ಪ್ರತಿ ವರ್ಷ ಕ್ಷೇತ್ರದಲ್ಲೇ, ಬಹಿರಂಗವಾಗಿ, ಕನ್ನಡದಲ್ಲಿ ಒಪ್ಪಿಸುವ ವ್ಯವಸ್ಥೆ ಮಾಡುವಂತೆ ಕೋರಿಕೆ.

ಮಾನ್ಯರೇ,

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಬ್ಬು ಬೆಳೆಯುವವರು, ಮಗ್ಗ ನಡೆಸುವವರು, ಶಾಲೆಯಲ್ಲಿ ಕಲಿಸುವವರು, ಅಂಗಡಿ ಇಟ್ಟವರು, ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರು ಕೂಡಿ ಈ ಮನವಿ ಬರೆದಿದ್ದೇವೆ. ನಾಲ್ಕೂ ತಾಲ್ಲೂಕು ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ನಮ್ಮಲ್ಲಿ ಎಲ್ಲ ಪಕ್ಷಗಳಿಗೆ ಮತ ಹಾಕಿದವರೂ ಇದ್ದಾರೆ. ಯಾರನ್ನಾದರೂ ಕುರ್ಚಿಯಿಂದ ಇಳಿಸಿ ಎಂದು ಕೇಳಲು ನಾವು ಬಂದಿಲ್ಲ. ಮಾತು ಕೊಟ್ಟವರು ನಮ್ಮ ಮುಂದೆ ನಿಂತು ಆ ಮಾತು ಏನಾಯಿತು ಎಂದು ಹೇಳಬೇಕು, ಅಷ್ಟೇ ನಮ್ಮ ಬೇಡಿಕೆ. ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸುವ ಹಕ್ಕು ನಮಗೆ ಸಂವಿಧಾನದ 350ನೇ ವಿಧಿಯಿಂದ ಬಂದಿದೆ. ಸದನದ ನಿಯಮ ಕೇಳುವುದರಿಂದ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿದ್ದೇವೆ.

ಕರ್ನಾಟಕದಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಗಳ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ-ಖರ್ಚು, ಕಾಮಗಾರಿಯ ಕಡತ, ವೋಚರುಗಳನ್ನು ಊರವರ ಮುಂದೆ ಇಡಬೇಕು. ಕಟ್ಟಿದ್ದೇವೆ ಎಂದ ಗಟಾರು ನಿಜವಾಗಿಯೂ ಇದೆಯೇ ಎಂದು ಹೋಗಿ ನೋಡಬೇಕು. ಎಲ್ಲ ಊರಲ್ಲೂ ಇದು ನೆಟ್ಟಗೆ ನಡೆಯುತ್ತದೆ ಎಂದು ನಾವು ಹೇಳಲಾರೆವು. ಆದರೂ ಕೇಳುವವರಿಗೆ ಒಂದು ಹಕ್ಕಿದೆ, ಹೇಳುವವರಿಗೆ ಒಂದು ಗಡುವಿದೆ. ಗಟಾರಿನ ಲೆಕ್ಕ ಕೇಳಲು ಇರುವ ಈ ವ್ಯವಸ್ಥೆ ರೈಲು ಮಾರ್ಗದ ಲೆಕ್ಕ ಕೇಳಲು ಇಲ್ಲ, ಅಣೆಕಟ್ಟಿನ ಲೆಕ್ಕ ಕೇಳಲು ಇಲ್ಲ. ಪಂಚಾಯಿತಿಗೂ ಸಂಸತ್ತಿಗೂ ನಡುವೆ ಇದ್ದ ಮೆಟ್ಟಿಲುಗಳೂ ಈಗ ಖಾಲಿ ಇವೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದಿದೆ, ಚುನಾವಣೆ ಇಂದಿಗೂ ಆಗಿಲ್ಲ. ಅದು ರಾಜ್ಯ ಸರ್ಕಾರದ ಹೊಣೆ ಎಂಬುದು ನಮಗೆ ಗೊತ್ತು. ಆದರೆ ದಿಲ್ಲಿಯಲ್ಲೂ ಇಂಥದೇ ಸ್ಥಿತಿ. ಸಂವಿಧಾನದ 93ನೇ ವಿಧಿ ಹೇಳುವ ಉಪಸಭಾಧ್ಯಕ್ಷರನ್ನು 17ನೇ ಲೋಕಸಭೆ ತನ್ನ ಐದೂ ವರ್ಷ ಆರಿಸಲಿಲ್ಲ. ನಿಯಮ ಪಾಲಿಸಿರಿ ಎಂದು ನಮಗೆ ಹೇಳುವವರು ತಮ್ಮ ನಿಯಮಗಳನ್ನು ಹೀಗೆ ನಡೆಸಿಕೊಂಡರೆ ಜನರಿಗೆ ಬೇಸರ ಬರುತ್ತದೆ, ಬೇಸರ ಹೆಚ್ಚಿದಂತೆ ನಂಬಿಕೆ ಹೋಗುತ್ತದೆ.

ಮೊದಲು ರೈಲಿನ ಮಾತು. ಬಾಗಲಕೋಟೆ-ಕುಡಚಿ ಹೊಸ ಮಾರ್ಗ 2010-11ರ ರೈಲ್ವೆ ಬಜೆಟ್‌ನಲ್ಲಿ ಸೇರಿತು. ಉದ್ದ 142 ಕಿಲೋಮೀಟರ್. ಲೋಕಾಪುರ, ಜಮಖಂಡಿ, ಬನಹಟ್ಟಿ, ತೇರದಾಳಗಳನ್ನು ಹಾಯ್ದು ಕುಡಚಿಯಲ್ಲಿ ಮೀರಜ್-ಲೋಂಡಾ ಮಾರ್ಗವನ್ನು ಕೂಡಬೇಕು. ವೆಚ್ಚದಲ್ಲಿ ಅರ್ಧ ಪಾಲು ರಾಜ್ಯದ್ದು, ಜಮೀನು ಕೊಡಬೇಕಾದುದೂ ರಾಜ್ಯವೇ. ಘೋಷಣೆಯಾದಾಗ ರೈಲ್ವೆ ಸಚಿವರಾಗಿದ್ದವರು ಮಮತಾ ಬ್ಯಾನರ್ಜಿ. ಅವರ ತರುವಾಯ ದಿನೇಶ್ ತ್ರಿವೇದಿ, ಮುಕುಲ್ ರಾಯ್, ಸಿ.ಪಿ. ಜೋಶಿ, ಪವನ್ ಕುಮಾರ್ ಬನ್ಸಲ್, ಮಲ್ಲಿಕಾರ್ಜುನ ಖರ್ಗೆ, ಡಿ.ವಿ. ಸದಾನಂದ ಗೌಡ, ಸುರೇಶ್ ಪ್ರಭು, ಪೀಯೂಷ್ ಗೋಯಲ್, ಅಶ್ವಿನಿ ವೈಷ್ಣವ್ ಆ ಖಾತೆ ನೋಡಿಕೊಂಡರು. ಇವರಲ್ಲಿ ಇಬ್ಬರು ಕನ್ನಡ ನಾಡಿನವರೇ. ರೈಲ್ವೆ ರಾಜ್ಯ ಸಚಿವರಾಗಿ ಕೆ.ಎಚ್. ಮುನಿಯಪ್ಪ ಇದ್ದರು, ನೆರೆಯ ಬೆಳಗಾವಿಯ ಸುರೇಶ ಅಂಗಡಿ ಇದ್ದರು, ಈಗ ವಿ. ಸೋಮಣ್ಣ ಇದ್ದಾರೆ. ದಿಲ್ಲಿಯಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರವೂ ಆಯಿತು, ಬಿಜೆಪಿ ನೇತೃತ್ವದ ಸರ್ಕಾರವೂ ಬಂತು. ನಮ್ಮ ಸಂಸದರಾದ ಪಿ.ಸಿ. ಗದ್ದಿಗೌಡರ ಅವರನ್ನು ಈ ಕ್ಷೇತ್ರ 2004ರಿಂದ ಸತತವಾಗಿ ಐದು ಸಲ ಗೆಲ್ಲಿಸಿದೆ. ಇಷ್ಟೆಲ್ಲ ಆಗಿ 15 ವರ್ಷ ಕಳೆದಿವೆ. ಬಾಗಲಕೋಟೆಯಿಂದ ಖಜ್ಜಿಡೋಣಿ ಕಡೆಗಿನ ಮೊದಲ ಭಾಗದಲ್ಲಿ ಹಳಿ ಬಿತ್ತು. ಜಮಖಂಡಿಗೆ ರೈಲು ಬಂದಿಲ್ಲ, ಬನಹಟ್ಟಿಗೂ ಬಂದಿಲ್ಲ. ಮಾರ್ಗ ಘೋಷಣೆಯಾದ ವರ್ಷ ಹುಟ್ಟಿದ ಮಕ್ಕಳು ಈಗ ಎಸ್ಸೆಸ್ಸೆಲ್ಸಿಯಲ್ಲಿದ್ದಾರೆ.

ತಡ ಯಾಕೆ ಎಂದು ಕೇಳಿದರೆ ರೈಲ್ವೆಯವರು ರಾಜ್ಯ ಜಮೀನು ಕೊಟ್ಟಿಲ್ಲ ಎನ್ನುತ್ತಾರೆ, ರಾಜ್ಯದವರು ಕೇಂದ್ರ ಹಣ ಕೊಟ್ಟಿಲ್ಲ ಎನ್ನುತ್ತಾರೆ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಕೇಳುವ ಅವಕಾಶ ನಮಗೆ ಸಿಕ್ಕಿಲ್ಲ. ಮೊದಲು ರೈಲ್ವೆ ಬಜೆಟ್ ಪ್ರತ್ಯೇಕವಾಗಿ ಮಂಡನೆಯಾಗುತ್ತಿತ್ತು. 2017ರಿಂದ ಅದು ಸಾಮಾನ್ಯ ಬಜೆಟ್‌ನಲ್ಲಿ ವಿಲೀನವಾಯಿತು. ಈಗ ಒಂದು ಮಾರ್ಗಕ್ಕೆ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆ ಎಂದು ತಿಳಿಯಲು ಪಿಂಕ್ ಬುಕ್ ಎಂಬ ದಪ್ಪ ದಾಖಲೆ ಹುಡುಕಬೇಕು. ಬನಹಟ್ಟಿಯ ಕೂಲಿ ನೇಕಾರ ಅದನ್ನು ಎಲ್ಲಿ ಹುಡುಕಬೇಕು?

ಎರಡನೆಯದು ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಇದು. ಇದಕ್ಕಾಗಿ ಬೀಳಗಿ, ಜಮಖಂಡಿ ಸೀಮೆಯ ಊರುಗಳು ಒಮ್ಮೆ ಜಾಗ ಬಿಟ್ಟು ಎದ್ದಿವೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ತೀರ್ಪು ಕೊಟ್ಟು, ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಒಪ್ಪಿತು. 2013ರ ನವೆಂಬರ್‌ನಲ್ಲಿ ಮುಂದಿನ ವರದಿಯೂ ಬಂತು. ಇದೇ ತಿಂಗಳ 30ಕ್ಕೆ ಆ ತೀರ್ಪಿಗೆ 15 ವರ್ಷ ತುಂಬುತ್ತದೆ. ಅಂತರರಾಜ್ಯ ನದಿ ನೀರಿನ ವಿವಾದಗಳ ಕಾಯ್ದೆ, 1956ರ 6ನೇ ಕಲಮಿನ ಪ್ರಕಾರ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕಾದುದು ಕೇಂದ್ರ ಸರ್ಕಾರ. 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕಟಣೆಗೆ ತಡೆ ಹಾಕಿತು. ವಿಷಯ ಇನ್ನೂ ನ್ಯಾಯಾಲಯದಲ್ಲಿದೆ, ಹಾಗಿರುವ ವಿಷಯದ ಸರಿ-ತಪ್ಪನ್ನು ತಮ್ಮ ಸಮಿತಿ ನೋಡುವಂತಿಲ್ಲ ಎಂಬುದೂ ನಮಗೆ ಗೊತ್ತು. ತೀರ್ಪಿನ ಬಗ್ಗೆ ನಾವು ಏನೂ ಕೇಳುವುದಿಲ್ಲ. ತಡೆಯಾಜ್ಞೆ ತೆರವಿಗೆ, ಬೇಗ ವಿಚಾರಣೆಗೆ, ನೆರೆ ರಾಜ್ಯಗಳನ್ನು ಕೂರಿಸಿ ಮಾತಾಡಲಿಕ್ಕೆ ಕೇಂದ್ರ ಸರ್ಕಾರ ಯಾವ ಯಾವ ದಿನ ಏನೇನು ಮಾಡಿತು ಎಂಬ ಪಟ್ಟಿ ಕೊಡಿ ಎನ್ನುತ್ತೇವೆ. ಏನೂ ಮಾಡಿಲ್ಲವಾದರೆ ಹಾಗೆಂದೇ ಬರೆದು ಕೊಡಲಿ.

ಈ ವಿಳಂಬದ ಭಾರ ಹೊತ್ತವರು 524 ಮೀಟರ್ ಗೆರೆಯ ಒಳಗಿರುವ ರೈತರು. ಮಟ್ಟ ಏರಿದರೆ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗುತ್ತದೆ ಎಂದು ರಾಜ್ಯ ಸರ್ಕಾರವೇ ಹೇಳಿದೆ. ಕಳೆದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ನಾವು ಅದನ್ನು ಸ್ವಾಗತಿಸಿದ್ದೇವೆ. ಆದರೆ ಮುಳುಗಲಿರುವ ಹೊಲಕ್ಕೆ ಬಾವಿ ತೋಡಿಸಬೇಕೋ ಬೇಡವೋ, ಮಗನಿಗೆ ಮನೆ ಕಟ್ಟಬೇಕೋ ಬೇಡವೋ, ಮಾರಲು ಹೋದರೆ ಕೊಳ್ಳುವವರಾರು, ಈ ಪ್ರಶ್ನೆಗಳ ನಡುವೆ ಒಂದು ತಲೆಮಾರು ಮುದಿಯಾಯಿತು. ಅವರ ಮುಂದೆ ಬಂದು ನಿಂತು 'ಇಂಥ ವರ್ಷ ಆಗುತ್ತದೆ' ಅಥವಾ 'ಆಗುವುದಿಲ್ಲ' ಎಂದು ಹೇಳಿದ ಕೇಂದ್ರ ಸಚಿವರನ್ನು ನಾವು ಕಂಡಿಲ್ಲ.

ನಮ್ಮ ಸೀಮೆ ಎಲ್ಲವನ್ನೂ ಸರ್ಕಾರದಿಂದಲೇ ಬಯಸುವ ಸೀಮೆಯಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರು ಜನರ ಬಾಯಲ್ಲಿ 'ಬ್ಯಾರೇಜ್ ಸಿದ್ದು' ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಇದೇ ಕ್ಷೇತ್ರ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಬದಲು ಅವರನ್ನು ಆರಿಸಿತು. ಕಣ್ಣಿಗೆ ಕಂಡ ಕೆಲಸವನ್ನು ತೂಗಿ ಮತ ಹಾಕಲು ಇಲ್ಲಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಸಂಸತ್ತೂ ನಮಗೆ ಪರಸ್ಥಳವಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿ ಪೀಠದಲ್ಲಿ ಕುಳಿತವರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದವರು.

ಇನ್ನು ಕಬ್ಬು. ದರ ನಿಗದಿ ಮಾಡುವುದು ದಿಲ್ಲಿ, ಸಿಟ್ಟು ಹೊರಬೀಳುವುದು ಮುಧೋಳದ ರಸ್ತೆಯಲ್ಲಿ. 2018-19ರಲ್ಲಿ ಕ್ವಿಂಟಲ್‌ಗೆ 275 ರೂಪಾಯಿ ಇದ್ದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) 2025-26ಕ್ಕೆ 355 ಆಗಿದೆ. ಕೇಳಲು ಚೆಂದ. ಆದರೆ ಅದೇ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಯುವ ಸಕ್ಕರೆ ಇಳುವರಿಯ ಮಟ್ಟವನ್ನು ಶೇ 10ರಿಂದ 10.25ಕ್ಕೆ ಏರಿಸಿದರು, ಅದಕ್ಕೂ ಮೊದಲು ಅದು ಶೇ 9.5 ಇತ್ತು. ಮೇಲಿನಿಂದ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಕೆಳಗಿನಿಂದ ಹೀಗೆ ತೆಗೆದುಕೊಂಡರು. ಕಟಾವು, ಸಾಗಣೆಯ ಖರ್ಚು ಕಳೆದರೆ ರೈತನ ಕೈಗೆ ಬರುವುದು ಬೇರೆಯೇ ಮೊತ್ತ. ಇತ್ತ ಕಾರ್ಖಾನೆಯವರು ತೋರಿಸುವ ಕಾರಣವೂ ದಿಲ್ಲಿಯದೇ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದವರು ಮತ್ತೆ ಅದನ್ನು ಮುಟ್ಟಿಲ್ಲ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ, ಹಂಗಾಮು ನಡೆದಿರುವಾಗಲೇ, ದಿಢೀರನೆ ನಿರ್ಬಂಧ ಹಾಕಿದರು. ಕಳೆದ ತಿಂಗಳು ಗುರ್ಲಾಪುರದಿಂದ ಮುಧೋಳದವರೆಗೆ ರೈತರು ಬೀದಿಗೆ ಇಳಿದರು. ರಾಜ್ಯ ಸರ್ಕಾರ ಟನ್ನಿಗೆ 3,300 ರೂಪಾಯಿ ಘೋಷಿಸಿತು. ಮುಧೋಳ ಭಾಗದ ರೈತರು ಅದನ್ನು ಒಪ್ಪಲಿಲ್ಲ. ನಮ್ಮ ಸೀಮೆಯಲ್ಲೇ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಸುಟ್ಟವು. ಸುಟ್ಟದ್ದನ್ನು ನಾವು ಸಮರ್ಥಿಸುವುದಿಲ್ಲ, ಅದು ನಮ್ಮವರೇ ಬೆವರು ಸುರಿಸಿ ಬೆಳೆದ ಬೆಳೆ. ಆದರೆ ದರ ನಿಗದಿ ಮಾಡಿದವರನ್ನು ಕೇಳುವ ಒಂದು ಸಭೆ ಇದ್ದಿದ್ದರೆ ಇಷ್ಟು ಜನ ರಸ್ತೆಯಲ್ಲಿ ಕೂರುತ್ತಿರಲಿಲ್ಲ ಎಂಬುದು ನಮ್ಮ ದೃಢ ನಂಬಿಕೆ.

ನೇಕಾರರ ಮಾತು ಚಿಕ್ಕದು, ನೋವು ದೊಡ್ಡದು. ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರ ಜುಲೈ 27ರಂದು ರದ್ದು ಮಾಡಿದರು. ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಆಗ ಎರಡು ವಾರವೂ ಉಳಿದಿರಲಿಲ್ಲ. ಲಾಕ್‌ಡೌನ್‌ನಿಂದ ರಬಕವಿ-ಬನಹಟ್ಟಿಯ ಮಗ್ಗಗಳು ಸದ್ದಡಗಿ, ಸೀರೆಗಳು ಮನೆಯಲ್ಲೇ ಕೊಳೆಯುತ್ತಿದ್ದ ಕಾಲ ಅದು. ದೇಶದ ಮಟ್ಟದಲ್ಲಿ ನೇಕಾರರ ಪರವಾಗಿ ಮಾತಾಡಲು ಇದ್ದ ಒಂದು ಕುರ್ಚಿಯನ್ನು ತೆಗೆಯುವಾಗ ನೇಕಾರರನ್ನು ಯಾರೂ ಕೇಳಲಿಲ್ಲ.

2019ರ ಆಗಸ್ಟ್ ಪ್ರವಾಹವನ್ನೂ ಮರೆತಿಲ್ಲ. ಕೃಷ್ಣೆಯ ದಂಡೆಯ ಮುತ್ತೂರು, ಶೂರ್ಪಾಲಿ, ತಮದಡ್ಡಿ, ಘಟಪ್ರಭೆಯ ದಂಡೆಯ ಊರುಗಳು ನೀರಿನಲ್ಲಿದ್ದಾಗ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಒಬ್ಬರನ್ನು ಬಿಟ್ಟರೆ ಸಚಿವರೇ ಇರಲಿಲ್ಲ, ಆಗಸ್ಟ್ 20ರವರೆಗೆ ಸಂಪುಟ ರಚನೆಯಾಗಲಿಲ್ಲ. ರಾಜ್ಯ ಅಂದಾಜಿಸಿದ ನಷ್ಟ 35 ಸಾವಿರ ಕೋಟಿ ರೂಪಾಯಿ ದಾಟಿತ್ತು, ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಬಂದ ಮಧ್ಯಂತರ ಪರಿಹಾರ 1,200 ಕೋಟಿ. 2024ರಲ್ಲಿ ಬರ ಪರಿಹಾರಕ್ಕಾಗಿ ನಮ್ಮ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಕೇಂದ್ರ, ರಾಜ್ಯಗಳಲ್ಲಿ ಒಂದೇ ಪಕ್ಷವಿದ್ದಾಗಲೂ ನಮಗೆ ಸಾಕಷ್ಟು ಪರಿಹಾರ ಸಿಕ್ಕಿಲ್ಲ, ಬೇರೆ ಬೇರೆ ಪಕ್ಷಗಳಿದ್ದಾಗಲೂ ಸಿಕ್ಕಿಲ್ಲ.

ಲೆಕ್ಕ ಕೇಳಲು ಚುನಾವಣೆ ಇದೆಯಲ್ಲ ಎಂದು ತಾವು ಹೇಳಬಹುದು. 2024ರ ಮೇ 7ರಂದು ನಾವು ಬಿಸಿಲಿನಲ್ಲಿ ಸಾಲು ನಿಂತು ಮತ ಹಾಕಿದ್ದೇವೆ. ಪ್ರಚಾರದಲ್ಲಿ ನಾವು ಕೇಳಿದ್ದು ದೊಡ್ಡ ನಾಯಕರ ಹೆಸರು, ಜಾತಿಯ ಲೆಕ್ಕ, ಒಬ್ಬರ ಮೇಲೊಬ್ಬರ ಆರೋಪ. ಕುಡಚಿ ರೈಲಿನ ವರ್ಷವಾರು ಲೆಕ್ಕ ಕಾಗದದಲ್ಲಿ ಹಿಡಿದು ಬಂದವರನ್ನು ಯಾವ ಪಕ್ಷದಲ್ಲೂ ಕಾಣಲಿಲ್ಲ. ಐದು ವರ್ಷಕ್ಕೊಮ್ಮೆ ಒತ್ತುವ ಒಂದೇ ಗುಂಡಿ ರೈಲಿಗೂ ಹಿನ್ನೀರಿಗೂ ಕಬ್ಬಿಗೂ ಮಗ್ಗಕ್ಕೂ ಬೇರೆ ಬೇರೆ ಉತ್ತರ ಕೊಡಲಾರದು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು: ಪ್ರತಿ ಲೋಕಸಭಾ ಸದಸ್ಯರೂ ವರ್ಷಕ್ಕೊಮ್ಮೆ, ಮೊದಲೇ ಸಾರಿದ ದಿನ, ತಮ್ಮ ಕ್ಷೇತ್ರದ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಬಹಿರಂಗ ಜಮಾಬಂದಿ ನಡೆಸುವಂತೆ ನಿಯಮ ತರಲು ತಮ್ಮ ಸಮಿತಿ ಸದನಕ್ಕೆ ಶಿಫಾರಸು ಮಾಡಬೇಕು. ಸದನದಲ್ಲಿ ಕೇಳಿದ ಪ್ರಶ್ನೆ, ಬಂದ ಉತ್ತರ, ಹಾಜರಿ, ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿಯಲ್ಲಿ ಆದ ಕೆಲಸ, ಎಲ್ಲವನ್ನೂ ಕನ್ನಡದಲ್ಲಿ ಮುದ್ರಿಸಿ ಒಂದು ವಾರ ಮೊದಲೇ ಪ್ರತಿ ಗ್ರಾಮ ಪಂಚಾಯಿತಿ ಮತ್ತು ನಗರಸಭೆಯ ಫಲಕಕ್ಕೆ ಹಚ್ಚಬೇಕು. ಸಭೆಯಲ್ಲಿ ಸಂಬಂಧಪಟ್ಟ ಕೇಂದ್ರ ಇಲಾಖೆಗಳ ಅಧಿಕಾರಿಗಳೂ ಕೂರಬೇಕು, ನಡಾವಳಿ ಬರೆದು ಸಹಿ ಹಾಕಬೇಕು. ಉತ್ತರ ಇಲ್ಲದ ಪ್ರಶ್ನೆಗೆ 'ಉತ್ತರ ಇಲ್ಲ' ಎಂದು ದಾಖಲಾಗಬೇಕು.

ಸಚಿವರು ಸದನದಲ್ಲಿ ಕೊಟ್ಟ ಭರವಸೆ ಮೂರು ತಿಂಗಳಲ್ಲಿ ಈಡೇರಬೇಕೆಂಬ ನಿಯಮವಿದೆ, ಅದನ್ನು ನೋಡಿಕೊಳ್ಳಲು 1953ರಿಂದ ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಕುಡಚಿ ಮಾರ್ಗ ಮತ್ತು ಆಲಮಟ್ಟಿ ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಬಗ್ಗೆ 2010ರಿಂದ ಕೊಟ್ಟ ಎಲ್ಲ ಭರವಸೆಗಳನ್ನೂ ಅವುಗಳ ಇಂದಿನ ಸ್ಥಿತಿಯನ್ನೂ ಆ ಸಮಿತಿಯಿಂದ ತರಿಸಿ ನಮಗೆ ಕೊಡಿಸಬೇಕು. ರೈಲ್ವೆ ಮಂಡಳಿಯು ವರ್ಷವಾರು ಇಟ್ಟ ಹಣ, ಖರ್ಚಾದ ಹಣ, ಇನ್ನೂ ಸಿಗಬೇಕಾದ ಜಮೀನು ಮತ್ತು ಜಮಖಂಡಿಗೆ ರೈಲು ತಲುಪುವ ವರ್ಷವನ್ನು ಲಿಖಿತವಾಗಿ ಹೇಳಬೇಕು. ಜಲಶಕ್ತಿ ಸಚಿವಾಲಯವು ಮೇಲೆ ಕೇಳಿದ ದಿನಾಂಕಗಳ ಪಟ್ಟಿ ಕೊಡಬೇಕು. ಕಬ್ಬಿನ ಎಫ್‌ಆರ್‌ಪಿ ಮತ್ತು ಸಕ್ಕರೆಯ ಮಾರಾಟ ದರ ಎರಡನ್ನೂ ಹಂಗಾಮಿಗೆ ಮೊದಲು ಒಂದೇ ದಿನ, ಕಾರಣ ಸಹಿತ ಪ್ರಕಟಿಸಬೇಕು. ಕೈಮಗ್ಗ ಮಂಡಳಿಯನ್ನು ಮತ್ತೆ ರಚಿಸಿ ಅದರಲ್ಲಿ ಮಗ್ಗದ ಮೇಲೆ ಕುಳಿತು ದುಡಿಯುವವರಿಗೆ ಸ್ಥಾನ ಕೊಡಬೇಕು.

ತಮ್ಮ ಸಮಿತಿಗೆ ಸ್ಥಳಕ್ಕೆ ಬಂದು ಅಹವಾಲು ಕೇಳುವ ಅಧಿಕಾರವಿದೆ. ಮುಂಬರುವ ಬಜೆಟ್ ಅಧಿವೇಶನ ಮುಗಿದ ಬಳಿಕ ಒಂದು ದಿನ ಜಮಖಂಡಿಗೆ ಬರಬೇಕೆಂದು, ನಮ್ಮ ಸಂಸದರನ್ನೂ ರೈಲ್ವೆ, ಜಲಶಕ್ತಿ, ಆಹಾರ ಮತ್ತು ಜವಳಿ ಸಚಿವಾಲಯಗಳ ಅಧಿಕಾರಿಗಳನ್ನೂ ಕರೆಸಿ ನಮ್ಮ ಎದುರು ಕೂರಿಸಬೇಕೆಂದು ಕೈಮುಗಿದು ಕೋರುತ್ತೇವೆ. ಸಭೆಗೆ ಬೇಕಾದ ದಾಖಲೆಗಳನ್ನು ತಾಲ್ಲೂಕುವಾರು ಜೋಡಿಸಿ ಇಟ್ಟುಕೊಂಡಿದ್ದೇವೆ. ದಿನಾಂಕ ತಿಳಿಸಿದರೆ ನಾಲ್ಕೂ ತಾಲ್ಲೂಕುಗಳಿಂದ ಹಾಜರಾಗುತ್ತೇವೆ.

ತಮ್ಮ ವಿಶ್ವಾಸಿಗಳು,
ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನಾಗರಿಕರು
(ಸಹಿಗಳನ್ನು ಪ್ರತ್ಯೇಕ ಹಾಳೆಗಳಲ್ಲಿ ಲಗತ್ತಿಸಿದೆ)

ಪ್ರತಿಗಳು: ಬಾಗಲಕೋಟೆ ಲೋಕಸಭಾ ಸದಸ್ಯರು, ಜಿಲ್ಲಾಧಿಕಾರಿಗಳು, ಬಾಗಲಕೋಟೆ, ನಾಲ್ಕೂ ತಾಲ್ಲೂಕುಗಳ ತಹಶೀಲ್ದಾರರು