ಸ್ನಾನದ ನೀರು ಯಾರ ಬಾವಿಯದು?

2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪದ ಫೋಟೊ ಬಂದದ್ದೇ ತಡ, ನಮ್ಮೂರ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಒಂದೇ ಮಾತು: ಮಾಲ್ಡೀವ್ಸ್ ಬಿಡಿ, ಲಕ್ಷದ್ವೀಪಕ್ಕೆ ನಡೀರಿ. ರಜೆಗೆ ದ್ವೀಪ ಆರಿಸುವ ರೀತಿ ಇದಲ್ಲ ಅಂತ ನಾವು ನೇರವಾಗಿಯೇ ಹೇಳುತ್ತೇವೆ.

ಲಕ್ಷದ್ವೀಪದ 36 ದ್ವೀಪಗಳ ನೆಲವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ಜನ ಇರುವುದು 10ರಲ್ಲಿ. 2011ರ ಜನಗಣತಿಯಂತೆ 64 ಸಾವಿರ ಚಿಲ್ಲರೆ. ಹೊಳೆ ಇಲ್ಲ, ಹಳ್ಳ ಇಲ್ಲ. ಮಳೆನೀರು ಹವಳದ ಮರಳಿಗೆ ಇಳಿದು, ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಮೋಟರ್ ಇಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಬಾವಿಗೆ ಏರುತ್ತದೆ. ನಮ್ಮ ಬೋರ್ ಬತ್ತಿದರೆ ಪಕ್ಕದೂರಿನಿಂದ ಟ್ಯಾಂಕರ್ ಬಂದೀತು. ಅಲ್ಲಿಗೆ ಎಲ್ಲಿಂದ ಬರಬೇಕು? ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಹಾಕಿದರು, ದಿನಕ್ಕೆ 1 ಲಕ್ಷ ಲೀಟರಿನದು. ಅದು ಊರವರು ಕುಡಿಯಲಿಕ್ಕೆ, ನಮ್ಮ ಶವರಿಗಲ್ಲ.

ಮಾಲ್ಡೀವ್ಸ್‌ನಲ್ಲಿ ಹೆಚ್ಚಿನ ರೆಸಾರ್ಟುಗಳು ಊರಿಲ್ಲದ ಬೇರೆ ದ್ವೀಪಗಳಲ್ಲಿವೆ. ಇಲ್ಲಿ ಹಾಗೆ ಬಿಟ್ಟುಕೊಡಲು ಜಾಗ ಎಷ್ಟಿದೆ?

ನಮ್ಮ ದೇಶಕ್ಕೆ ಹೋಗಲು ಪರ್ಮಿಟ್ ಯಾಕೆ ಅಂತ ಕೆಲವರು ಗೊಣಗುತ್ತಾರೆ. (ಅಮಿನಿ, ಕಡ್ಮತ್ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು ಅಂತ ಅವರಿಗೆ ಗೊತ್ತೋ ಇಲ್ಲವೋ!) ಪರ್ಮಿಟ್ ಇರಲಿ. ಸಡಿಲ ಮಾಡುವುದೇ ಬೇಡ.

ಹೋಗಲೇಬೇಕು ಅನಿಸಿದರೆ, ಕೊಚ್ಚಿಯಿಂದ ಹಡಗಿನ ಪ್ರವಾಸ ಸಿಗುತ್ತದಾ ವಿಚಾರಿಸಿ. ಹಗಲು ದ್ವೀಪ ನೋಡಿ ರಾತ್ರಿ ಹಡಗಲ್ಲೇ ಮಲಗುವಂಥದ್ದು. ರೆಸಾರ್ಟೇ ಬೇಕೆನ್ನುವವರು ಈಜುಕೊಳ ಇದೆಯಾ ಅಂತ ಕೇಳುವ ಮೊದಲು, ಸ್ನಾನದ ನೀರು ಎಲ್ಲಿಂದ ತರುತ್ತೀರಿ ಅಂತ ಕೇಳಿ.