ನೋಡುವುದಕ್ಕೇನೂ ಇಲ್ಲದ ಊರು

ಬ್ರಹ್ಮಗಿರಿಗೆ ಹೋಗಿದ್ದೆನೆಂದು ಹೇಳಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: “ಅಲ್ಲಿ ನೋಡುವುದಕ್ಕೆ ಏನಿದೆ?” ಕೇಳುವವರು ಬಹುಮಟ್ಟಿಗೆ ಉಪಾಧ್ಯಾಯರು, ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹೊಣೆ ಹೊತ್ತವರು. ಹಂಪೆಯಲ್ಲಿ ಕಲ್ಲಿನ ರಥವಿದೆ, ಬೇಲೂರಿನಲ್ಲಿ ಮದನಿಕೆಯರಿದ್ದಾರೆ, ಚಿತ್ರದುರ್ಗದಲ್ಲಿ ಕೋಟೆಯಿದೆ. ಬ್ರಹ್ಮಗಿರಿಯಲ್ಲಿರುವುದು ಬಂಡೆ, ಕುರುಚಲು ಗಿಡ, ಬಿಸಿಲು. ಪ್ರಶ್ನೆ ಸಹಜವೇ. ಆದರೂ ಇಂಥ ಬರಿಯ ನೆಲಕ್ಕೇ ವಿದ್ಯಾರ್ಥಿಗಳನ್ನು ಮೊದಲು ಕರೆದೊಯ್ಯಬೇಕೆಂಬುದು ನನ್ನ ಅಭಿಪ್ರಾಯ.

ಮೊಳಕಾಲ್ಮೂರು ತಾಲ್ಲೂಕಿನ ಈ ಸ್ಥಳವನ್ನು ಬಳ್ಳಾರಿಯಿಂದ ಬೆಳಗ್ಗೆ ಹೊರಟು, ನಿಧಾನವಾಗಿ ನೋಡಿ, ಕತ್ತಲಾಗುವುದರೊಳಗೆ ಹಿಂದಿರುಗಬಹುದು. ಇಲ್ಲಿಯೂ ನೆರೆಯ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದರು. ಊರಿನವರು ಮಾತ್ರ ಬ್ರಹ್ಮಗಿರಿಯ ಬಂಡೆಯನ್ನು ತಮ್ಮಷ್ಟಕ್ಕೆ ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಓದು ಮರೆತುಹೋಗಿತ್ತು, ಅದು ಅಕ್ಷರವೆಂಬ ನೆನಪು ಉಳಿದಿತ್ತು.

ಶಾಸನ ಹೇಳುವುದೇನು? ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ ದೊರೆಯ ಮಾತನ್ನು ಕಳುಹಿಸುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲನೆಂಬುದು ಆ ಮಾತಿನ ತಿರುಳು. ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಶಿಷ್ಯನು ಗುರುವಿಗೆ ತೋರಬೇಕಾದ ಗೌರವ, ಇವು ಅದರ ಜೊತೆಯ ಉಪದೇಶಗಳು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಉಳಿದುದೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಹೆಸರೊಂದನ್ನು ಮಾತ್ರ ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಇದನ್ನು ವಿವರಿಸುತ್ತಿದ್ದಾಗ ನನ್ನೊಡನೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, “ಹಾಗಾದರೆ ಅವನು ಯಾವ ಊರಿನವನು, ಸಾರ್?” ಎಂದಳು. ಹಂಪೆಯ ರಥದ ಮುಂದೆ ಇಂಥ ಪ್ರಶ್ನೆಯನ್ನು ನಾನು ಕೇಳಿಲ್ಲ. ಅಲ್ಲಿ ಕಣ್ಣು ತಣಿದು ಬುದ್ಧಿ ವಿಶ್ರಮಿಸುತ್ತದೆ. ಇಲ್ಲಿ ಕಣ್ಣಿಗೆ ಸಿಗುವುದು ಸ್ವಲ್ಪ. ಆದುದರಿಂದ ಬುದ್ಧಿ ಹುಡುಕತೊಡಗುತ್ತದೆ.

ಚರಿತ್ರೆಯೆಂದರೆ ಹುಡುಕಾಟವೆಂಬುದಕ್ಕೆ ಇಲ್ಲಿಯ ಮಣ್ಣೇ ಸಾಕ್ಷಿ. ಮೈಸೂರಿನ ಎಂ. ಎಚ್. ಕೃಷ್ಣ ಅವರು ಮೊದಲು ಅಗೆದ ಈ ನೆಲವನ್ನು 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಮತ್ತೆ ಅಗೆಸಿದರು. ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಸಾತವಾಹನರ ಕಾಲದ ಜನ, ಹೀಗೆ ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರುಗಳನ್ನು ಅವರು ಗುರುತಿಸಿದರು. ಕಲ್ಲುಕೊಡಲಿಯ ಕಾಲವನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ್ದೆಂದು ಎಣಿಸಿದರು. ಮುಂದೆ ಇಂಗಾಲದ ಪರೀಕ್ಷೆಗಳು ಬಂದ ಮೇಲೆ ದಕ್ಷಿಣದ ನವಶಿಲಾಯುಗ ಅದಕ್ಕಿಂತ ಸಾವಿರಾರು ವರ್ಷ ಹಿಂದಕ್ಕೆ ಸರಿಯಿತು. ಪದರುಗಳ ಅನುಕ್ರಮ ಉಳಿಯಿತು, ಕಾಲಗಣನೆ ಬದಲಾಯಿತು. ಪರೀಕ್ಷೆಗೆಂದು ಇಸವಿಗಳನ್ನು ಬಾಯಿಪಾಠ ಮಾಡುವ ಹುಡುಗನಿಗೆ ಇದಕ್ಕಿಂತ ಹಿತವಾದ ಪಾಠ ಯಾವುದು?

ಇನ್ನೊಂದು ಮಾತು. ಶಿಲ್ಪವುಳ್ಳ ಗುಡಿಯನ್ನು ಅದರ ಸೌಂದರ್ಯವೇ ಎಷ್ಟೋ ಮಟ್ಟಿಗೆ ಕಾಯುತ್ತದೆ. ಹೊಲದ ನಡುವಣ ಕಲ್ಲುವೃತ್ತಕ್ಕೆ ಆ ರಕ್ಷೆಯಿಲ್ಲ. ಅದು ಗೋರಿಯೆಂದು ತಿಳಿಯದವನಿಗೆ ಬದುವಿಗೆ ಒದಗುವ ಕಲ್ಲು, ಕಲ್ಲುಗಣಿಯವನಿಗೆ ಜಲ್ಲಿ. ನಮ್ಮ ನಾಡಿನಲ್ಲಿ ಇಂಥ ಗೋರಿಗಳು ಎಷ್ಟೋ ಕಡೆ ಹೀಗೆಯೇ ಕರಗಿವೆ. ಇವನ್ನು ಗುರುತಿಸಬಲ್ಲ ಹತ್ತು ಮಂದಿ ಊರಿನಲ್ಲಿದ್ದರೆ, ನಿಷೇಧದ ಫಲಕ ಮಾಡಲಾರದ ಕೆಲಸವನ್ನು ಅವರು ಮಾಡಬಲ್ಲರು.

ಆದುದರಿಂದ ಪ್ರವಾಸದ ಪಟ್ಟಿಯನ್ನು ಸಿದ್ಧಪಡಿಸುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು: ಹಿಂದಿನ ದಿನ ತರಗತಿಯಲ್ಲಿ ಶಾಸನದ ಕನ್ನಡ ಅನುವಾದವನ್ನು ಓದಿಸಿ. ಅಲ್ಲಿಗೆ ಹೋದ ಮೇಲೆ ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಓದಲಿ. ಉಳಿದವರು ಬಂಡೆಯನ್ನು ಮುಟ್ಟದೆ ನಿಂತು ಕೇಳಲಿ. ಆಮೇಲೆ ಒಂದು ಗಂಟೆ ಅವರನ್ನು ಪ್ರಶ್ನೆ ಕೇಳಲು ಬಿಡಿ. ಗುರುವನ್ನು ಗೌರವಿಸಬೇಕೆಂದು ಚಕ್ರವರ್ತಿಯೇ ಅಲ್ಲಿ ಕೆತ್ತಿಸಿಟ್ಟಿದ್ದಾನೆ. ಆ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಹೇಳುವ ಭಾರ ಮಾತ್ರ ನಮ್ಮದು.